ಗೇಣು ಕಮ್ಮಿ ಬಿದ್ದ ಕೋಲು

ಕೋಲಣ್ಣನ ಕೋಲು ಹನ್ನೆರಡು ಅಡಿ ಉದ್ದ. ನೆಟ್ಟಗೆ ನಿಲ್ಸಿದ್ರೆ ಮೇಲೆ ಹೋಗೋ ಮೋಡಗಳ ಹೊಟ್ಟೆಗೆ ಕಚಗುಳಿ ಆಗಿ, ಅಲ್ಲೇ ನಾಲ್ಕು ಹನಿ ಉದುರಿಸಿ ಹೋಗ್ತಿದ್ವಂತೆ. ಅಷ್ಟೆಲ್ಲಾ ಇಲ್ದಿದ್ರೂ, ಕೆಂಪು ಬಿಳಿ ಪಟ್ಟೆ ಬಳ್ಕೊಂಡು, ಇಂಚಿಂಚಿಗೂ ಗೆರೆ ಹಾಕ್ಕೊಂಡು, ಬುಡದಲ್ಲಿ ಸೊನ್ನೆ ತಲೇಲಿ ಹನ್ನೆರಡು ಇಟ್ಕೊಂಡು ನಿಂತ್ರೆ ಮದುವೆ ಗಂಡು ಪಕ್ಕಕ್ಕೆ ಸರೀಬೇಕು. ಒಳಚರಂಡಿ ಆಫೀಸಲ್ಲಿ ಕೋಲಣ್ಣನಿಗೆ ಇದ್ದಿದ್ದು ಒಂದೇ ಕೆಲಸ. ಮ್ಯಾನ್‌ಹೋಲಿನ ಮುಚ್ಚಳ ತೆಗೆಸೋದು, ಕೋಲು ಇಳಿಬಿಡೋದು, ಬುಡ ತಳಕ್ಕೆ ತಾಗಿದಾಗ ಬಾಯಿ ಅಂಚಿಗೆ ಯಾವ ಗೆರೆ ಬಂತೋ ಅದನ್ನ ಕೂಗೋದು. ಇಪ್ಪತ್ತೆರಡು ವರ್ಷ ಕೂಗಿದ್ದ, ಒಂದು ಇಂಚು ಆಚೀಚೆ ಆಗಿರ್ಲಿಲ್ಲ. ಆಫೀಸಿನ ಗಡಿಯಾರ ನಿಂತು ಹೋದ್ರೆ ಜನ ಬಂದು ಕೋಲಣ್ಣನ್ನ ಗಂಟೆ ಎಷ್ಟು ಅಂತ ಕೇಳೋರು, ಅಷ್ಟು ನಂಬಿಕೆ.

ಮುಚ್ಚಳ ತೆಗೆಯೋನಿಗೆ ಮುಚ್ಚಳ ಅಂತಲೇ ಹೆಸರು ಬಿದ್ದಿತ್ತು. ಅವನ ಹೆಂಡತಿನೂ ಮನೇಲಿ ಹಾಗೇ ಕರೀತಾಳೆ ಅಂತ ಸುದ್ದಿ. ಅವನ ಕೈಲಿ ಒಂದು ಹಾರೆ, ಜೇಬಲ್ಲಿ ಒಂದು ಫೋನು.

ಹಿಂದೆಲ್ಲಾ ಕೋಲಣ್ಣ ಕೂಗಿದ್ದನ್ನ ಬುಕ್ಕಲ್ಲಿ ಬರೀತಿದ್ರು. ಬುಕ್ಕು ಬೀರು ಸೇರೋದು, ಬೀರುವಿನೊಳಗಿಂದ ಇಲಿ ಹೊಟ್ಟೆ ಸೇರೋದು. ಆ ಇಲಿಗಳಿಗೆ ಇಡೀ ಊರಿನ ಮೋರಿ ಆಳ ಬಾಯಿಪಾಠ ಆಗಿತ್ತು. ಆಮೇಲೆ ಆಫೀಸಿಗೆ ನಕ್ಷೆ ಮೇಡಮ್ ಬಂದ್ರು. ಸಣ್ಣ ವಯಸ್ಸು, ಕಣ್ಣಿಗೆ ಕನ್ನಡಕ, ಮಾತು ಕಮ್ಮಿ. ಅವರ ಕಂಪ್ಯೂಟರ್ ಒಳಗೆ ಊರಿಗೆ ಊರೇ ಕೂತಿತ್ತು, ಮನೆ ಮನೆ, ಬೀದಿ ಬೀದಿ, ನೆಲದ ಕೆಳಗಿನ ಪೈಪು ಸಮೇತ. ಮುಚ್ಚಳ ಮ್ಯಾನ್‌ಹೋಲಿನ ಪಕ್ಕ ನಿಂತ್ರೆ ಸಾಕು, ಫೋನಿನ ನಕ್ಷೇಲಿ ಒಂದು ಚುಕ್ಕಿ ಮಿಣಮಿಣ ಅನ್ನೋದು. ಆ ಚುಕ್ಕಿ ಒತ್ತಿ ಆಳ ಬರೆದ್ರೆ ಅದು ಗಾಳೀಲಿ ಹಾರಿ ಹೋಗಿ ಆಫೀಸಿನ ಕಂಪ್ಯೂಟರಲ್ಲಿ ಕೂರೋದು.

ಎಲ್ಲಾ ಚುಕ್ಕಿಗೂ ಆಳ ತುಂಬಿದ ಮೇಲೆ ಮೇಡಮ್ ನಕ್ಷೆ ಮೇಲೆ ಮಳೆ ಸುರಿಸೋರು. ಅರ್ಧ ಗಂಟೆ ತುಂತುರು ಬೇಕಾ, ಹತ್ತು ವರ್ಷಕ್ಕೊಂದ್ಸಲ ಬರೋ ಜಡಿಮಳೆ ಬೇಕಾ, ಬರೀ ಬೆರಳು ಒತ್ತಿದ್ರಾಯ್ತು. ಯಾರೂ ಛತ್ರಿ ಬಿಚ್ಚೋ ಹಾಗಿಲ್ಲ. ಆರಾಮಾಗಿ ಹರಿಯೋ ಪೈಪು ನೀಲಿ, ಉಸಿರು ಕಟ್ಟಿದ ಪೈಪು ಕೆಂಪು. ಬೇಕಂದ್ರೆ ಬೀದಿನೇ ಸೌತೆಕಾಯಿ ಥರ ಉದ್ದಕ್ಕೆ ಸೀಳಿ, ಒಳಗೆ ಪೈಪು ಹೇಗೆ ಇಳಿಜಾರಾಗಿ ಮಲಗಿದೆ ಅಂತ ತೋರಿಸೋದು ಆ ಕಂಪ್ಯೂಟರ್. ಮೊದಲನೇ ಸಲ ನೋಡಿದಾಗ ಮುಚ್ಚಳ, "ಮಳೆರಾಯನ ಹೊಟ್ಟೆ ಮೇಲೆ ಹೊಡೆದ್ರಲ್ಲ ಮೇಡಮ್, ಪಾಪ ಅವನಿನ್ನು ಯಾವ ಕೆಲಸಕ್ಕೆ ಹೋಗ್ಬೇಕು?" ಅಂದಿದ್ದ.

ಇಷ್ಟು ಚೆನ್ನಾಗಿ ನಡೀತಿದ್ದ ಸಂಸಾರಕ್ಕೆ ಹುಳಿ ಬಿದ್ದಿದ್ದು ತಗ್ಗು ಬೀದೀಲಿ.

ತಗ್ಗು ಬೀದೀಲಿ ಹನ್ನೊಂದು ಮ್ಯಾನ್‌ಹೋಲು. ಎರಡನೇದ್ರ ಮುಚ್ಚಳ ತುಕ್ಕು ಹಿಡಿದು, ಹಠ ಹಿಡಿದ ಎಮ್ಮೆ ಥರ ಕೂತ್ಬಿಟ್ಟಿತ್ತು.

"ಅಣ್ಣ, ಇದು ಈ ಹಾರೆಗೆ ಬಗ್ಗಲ್ಲ. ವ್ಯಾನಿಂದ ದೊಡ್ಡದು ತರ್ತೀನಿ. ನೀವು ಮುಟ್ಬೇಡಿ" ಅಂತ ಹೇಳಿ ಮುಚ್ಚಳ ಆ ಕಡೆ ಹೋದ.

ಮುಟ್ಬೇಡಿ ಅಂದಿದ್ದೇ ಕೆಟ್ಟೋಯ್ತು. ಇಪ್ಪತ್ತೆರಡು ವರ್ಷದ ಸರ್ವೀಸು, ನಿನ್ನೆ ಮೊನ್ನೆ ಬಂದೋನು ನನಗೆ ಮುಟ್ಬೇಡಿ ಅನ್ನೋದಾ ಅಂತ ಕೋಲಣ್ಣ ಕೋಲಿನ ಬುಡನ ಮುಚ್ಚಳದ ಸಂದಿಗೆ ತುರುಕಿ ಮೀಟಿದ. ಮುಚ್ಚಳ ಎದ್ದಿತು. ಜೊತೆಗೆ 'ಪಟ್' ಅಂತ ಒಂದು ಸದ್ದೂ ಎದ್ದಿತು. ನೋಡಿದ್ರೆ ಕೋಲಿನ ಬುಡದಲ್ಲಿ ಒಂದು ಗೇಣು ಇಲ್ಲ. ಮುಕ್ಕಾಲು ಅಡಿ, ಸರಿಯಾಗಿ ಗೆರೆ ಮೇಲೇ ಮುರಿದಿದೆ.

ಮುರಿದ ತುಂಡನ್ನ ಪಕ್ಕದ ಕಾಂಪೌಂಡ್ ಆಚೆ ಎಸೆದ. ಚಾಕು ತೆಗೆದು ಬುಡ ನುಣ್ಣಗೆ ಕೆತ್ತಿದ. ಮುಚ್ಚಳ ಬೆವರು ಸುರಿಸ್ಕೊಂಡು ದೊಡ್ಡ ಹಾರೆ ಹೊತ್ಕೊಂಡು ಬರೋ ಹೊತ್ತಿಗೆ ಕೋಲಣ್ಣ ಏನೂ ಆಗೇ ಇಲ್ಲ ಅನ್ನೋ ಹಾಗೆ ಬೀಡಿ ಹಚ್ಚಿದ್ದ.

"ಅರೆ, ಹೇಗೆ ತೆಗೆದ್ರಣ್ಣ?"

"ಮುಚ್ಚಳಕ್ಕೂ ಮರ್ಯಾದೆ ಗೊತ್ತು ಕಣೋ. ಹಿರಿಯರು ಬಂದಾಗ ಎದ್ದು ನಿಲ್ಲುತ್ತೆ."

ಈಗ ಕೋಲು ಇಳಿಬಿಟ್ರೆ ಪ್ರತಿ ಗುಂಡಿನೂ ಇರೋದಕ್ಕಿಂತ ಮುಕ್ಕಾಲು ಅಡಿ ಜಾಸ್ತಿ ಆಳ ಅಂತ ತೋರಿಸುತ್ತೆ. ಅದೇನು ಮಹಾ, ಮನಸ್ಸಲ್ಲೇ ಕಳೆದು ಕೂಗಿದ್ರಾಯ್ತು ಅಂದ್ಕೊಂಡ. ಎರಡನೇದು ಕಳೆದು ಕೂಗಿದ, ಮೂರನೇದು ಕಳೆದು ಕೂಗಿದ, ನಾಲ್ಕು, ಐದು. ಆಮೇಲೆ ಊಟ. ಊಟ ಅಂದ್ರೆ ಸುಮ್ನೆ ಊಟ ಅಲ್ಲ, ಮುಚ್ಚಳನ ಭಾವ ಒಂದೇ ಸೈಕಲ್ಲಲ್ಲಿ ಏಳು ಜನನ್ನ ಕೂರಿಸ್ಕೊಂಡು ಹೋಗಿ ಎಂಟನೆಯವನಿಗೆ ಡಿಕ್ಕಿ ಹೊಡೆದ ಕತೆ ಜೊತೆ ಊಟ. ನಕ್ಕು ನಕ್ಕು, ಉಂಡು, ಮರದ ನೆರಳಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಎದ್ದು, ಮತ್ತೆ ಅಳತೆ ಶುರು. ಕೋಲು ಇಳಿಬಿಡೋದು, ಕೂಗೋದು. ಹನ್ನೊಂದನೇದು ಕೂಗಿ ಬಾಯಿ ಮುಚ್ಚಿದಾಗ ಕೋಲಿನ ಬುಡ ಕಣ್ಣಿಗೆ ಬಿತ್ತು. ಈಗ ಕಳೆದ್ನಾ? ಇಲ್ಲ. ಹತ್ತನೇದು? ಇಲ್ಲ ಅನ್ಸುತ್ತೆ. ಒಂಬತ್ತು? ಆರು? ದೇವರಿಗೇ ಗೊತ್ತು.

"ಲೋ, ಆ ಲೆಕ್ಕ ಕಳಿಸಿದ್ಯಾ?"

"ಹೋಯ್ತಣ್ಣ. ನೀವು ಕೂಗಿದ್ದು ನನ್ನ ಕಿವಿಗೆ ಬೀಳೋದ್ರೊಳಗೆ ಆಫೀಸ್ ಮುಟ್ಟಿರುತ್ತೆ. ಯಾಕೆ?"

"ಏನಿಲ್ಲ."

ಆ 'ಏನಿಲ್ಲ' ಅನ್ನೋ ಮಾತು ಮೂರಕ್ಷರ, ಹೊತ್ಕೊಂಡು ಮನೆಗೆ ಹೋಗೋವಾಗ ಮೂರು ಮಣ ಆಗಿತ್ತು. ನಿಜ ಹೇಳ್ಬೇಕಂದ್ರೆ ಕೋಲು ಮುರಿದದ್ದು ಹೇಳ್ಬೇಕು. ಅದು ಹೇಳ್ಬೇಕಂದ್ರೆ ಮುಟ್ಬೇಡಿ ಅಂದಿದ್ದನ್ನ ಮುಟ್ಟಿದ್ದು ಹೇಳ್ಬೇಕು. ಹೋಗ್ಲಿ ಬಿಡು, ಒಂದು ಗೇಣು ತಾನೆ, ಭೂಮಿತಾಯಿ ಏನು ಟೇಪ್ ಹಿಡ್ಕೊಂಡು ಕೂತಿದ್ದಾಳಾ ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡ.

ಭೂಮಿತಾಯಿ ಕೂತಿರ್ಲಿಲ್ಲ, ಕಂಪ್ಯೂಟರ್ ಕೂತಿತ್ತು. ನಾಲ್ಕು ದಿನಕ್ಕೆ ಮೇಡಮ್ ಫೋನ್ ಬಂತು. ಕೋಲಣ್ಣ ಕ್ಷೌರದಂಗಡೀಲಿ ಮುಖದ ತುಂಬಾ ನೊರೆ ಮೆತ್ತಿಸ್ಕೊಂಡು ಕೂತಿದ್ದ, ಕತ್ತಿನ ಹತ್ರ ಕತ್ತಿ.

"ಕೋಲಣ್ಣ, ತಗ್ಗು ಬೀದಿ ಕೊನೇ ಮ್ಯಾನ್‌ಹೋಲ್ ಹತ್ರ ಕಂಪ್ಯೂಟರ್ ಎಚ್ಚರಿಕೆ ಕೊಡ್ತಿದೆ. ಅಲ್ಲಿಂದ ಮುಂದೆ ಬೀದಿ ನೀರೆಲ್ಲಾ ಸೇರೋ ದೊಡ್ಡ ಪೈಪಿಗೆ ನೀರು ಮೇಲಕ್ಕೆ ಹತ್ಕೊಂಡು ಹೋಗ್ಬೇಕು ಅಂತಿದೆ. ದೊಡ್ಡ ಪೈಪಿನ ಅಳತೆ ಇಲಿ ತಿಂದು ಉಳಿದ ಹಳೇ ಬುಕ್ಕಿಂದು. ತಪ್ಪಿರೋದು ಬುಕ್ಕಲ್ಲಾ, ನಿಮ್ಮ ಅಳತೇಲಾ?"

ಅಂಗಡಿ ತುಂಬಾ ಜನ. ಕ್ಷೌರದವನು ಕತ್ತಿ ನಿಲ್ಲಿಸಿ ಕಿವಿ ಕೊಟ್ಟಿದ್ದ.

"ನನ್ನ ಕೋಲು ಸುಳ್ಳು ಹೇಳಲ್ಲ ಮೇಡಮ್" ಅಂದ ಕೋಲಣ್ಣ.

"ನನಗೂ ಹಾಗೇ ಅನ್ನಿಸ್ತು. ಬುಕ್ಕಿನ ಅಳತೆನೇ ತಿದ್ದುತೀನಿ ಬಿಡಿ. ಥ್ಯಾಂಕ್ಸ್ ಅಣ್ಣ."

ಆ ಹಳೇ ಬುಕ್ಕು ಬರೆದೋನು ತೀರಿಹೋಗಿ ಹನ್ನೊಂದು ವರ್ಷ. ಕೋಲಣ್ಣನಿಗೆ ಕೋಲು ಹಿಡಿಯೋದು ಕಲಿಸಿದೋನೂ ಅವನೇ. ಎದ್ದು ಬಂದು ಜಗಳ ಆಡೋ ಹಾಗಿಲ್ಲವಲ್ಲ. ಮೇಡಮ್ ಬುಕ್ಕು ತಿದ್ದಿದ್ರು, ಮಳೆ ಸುರಿಸಿದ್ರು, ತಗ್ಗು ಬೀದಿ ಇಡೀ ತಿಳಿ ನೀಲಿ. ಹತ್ತು ವರ್ಷದ ಮಳೆ ಬಂದ್ರೂ ಅಲ್ಲಿ ಇರುವೆ ಕಾಲು ನೆನೆಯಲ್ಲ ಅಂತ ದೊಡ್ಡ ಸಾಹೇಬ್ರಿಗೆ ಬರೆದು ಕಳಿಸಿದ್ರು.

ಮೂರು ವಾರಕ್ಕೆ ನಿಜವಾದ ಮಳೆ ಬಂತು. ಹತ್ತು ವರ್ಷದ್ದೇನಲ್ಲ, ಸುಮಾರು ಮಳೆ, ಮುಕ್ಕಾಲು ಗಂಟೆ. ತಗ್ಗು ಬೀದಿ ಏಳನೇ ಮ್ಯಾನ್‌ಹೋಲಿನ ಮುಚ್ಚಳ ಕುಣಿದು ಪಕ್ಕಕ್ಕೆ ಬಿತ್ತು. ಮಳೆನೀರೂ ಮನೆಗಳ ಕೊಳೆನೀರೂ ಒಂದಾಗಿ ಉಕ್ಕಿ, ಎದುರಿಗಿದ್ದ ಇಸ್ತ್ರಿ ಅಕ್ಕನ ಅಂಗಡಿಗೂ ಅಕ್ಕಪಕ್ಕದ ಮನೆಗಳಿಗೂ ನುಗ್ತು. ಆ ಅಂಗಡಿ ರಸ್ತೆಗಿಂತ ಒಂದು ಮೆಟ್ಟಿಲು ಕೆಳಗೆ. ನಲವತ್ತು ಮನೆ ಬಟ್ಟೆ ಗಂಟುಗಳು ನೆಲದ ಮೇಲೆ. ಅದ್ರಲ್ಲಿ ಕೋಲಣ್ಣನ ಎರಡು ಅಂಗಿನೂ ಇದ್ವು.

ಇಸ್ತ್ರಿ ಅಕ್ಕ ಅಷ್ಟೂ ಬಟ್ಟೆನ ಎರಡೆರಡು ಸಲ ಒಗೆದು, ಒಣಗಿಸಿ, ಮತ್ತೆ ಇಸ್ತ್ರಿ ಮಾಡಿ, ಮನೆಮನೆಗೂ ತಾನೇ ಕೊಂಡುಹೋಗಿ ಕೊಟ್ಲು. ಕೋಲಣ್ಣನ ಮನೆ ಬಾಗ್ಲಲ್ಲೂ ನಿಂತ್ಲು.

"ಮೂಸಿ ನೋಡಿ ಅಣ್ಣ, ವಾಸನೆ ಏನಾದ್ರೂ ಉಳಿದಿದೆಯಾ? ಇದ್ರೆ ಹೇಳಿ, ಇನ್ನೊಂದ್ಸಲ ಒಗೀತೀನಿ."

ಕೋಲಣ್ಣ ಮೂಸಿದ. ಸೋಪಿನ ವಾಸನೆ ಬಿಟ್ಟು ಏನೂ ಇರ್ಲಿಲ್ಲ. ಆದ್ರೂ ಆ ಅಂಗಿ ಹಾಕ್ಕೊಂಡ್ರೆ ಮೈಯೆಲ್ಲಾ ತುರಿಕೆ. ಬೀರುವಿನ ಕೆಳಗೆ ತುರುಕಿಟ್ಟ.

ಆಫೀಸಲ್ಲಿ ಮೇಡಮ್‌ಗೆ ತಲೆ ಕೆಟ್ಟು ಹೋಗಿತ್ತು. ಅದೇ ಮಳೆನ ನಕ್ಷೆ ಮೇಲೆ ಸುರಿಸಿದ್ರು, ಬೀದಿ ನೀಲಿ. ಮತ್ತೆ ಸುರಿಸಿದ್ರು, ನೀಲಿ. ಕಂಪ್ಯೂಟರಲ್ಲಿ ಪೈಪಿಗೆ ಅಡ್ಡ ಇಡೋ ಒಂದು ಸೌಲಭ್ಯ ಇತ್ತು. ಪೈಪಲ್ಲಿ ಕಸ ಕಟ್ಕೊಂಡಿದ್ರೆ ಏನಾಗುತ್ತೆ ಅಂತ ನೋಡೋಕೆ. ಅದನ್ನ ಅಲ್ಲಿ ಇಟ್ರು, ಇಲ್ಲಿ ಇಟ್ರು, ಕೊನೆಗೆ ಏಳಕ್ಕೂ ಎಂಟಕ್ಕೂ ನಡುವೆ, ಸರಿಯಾಗಿ ಇಸ್ತ್ರಿ ಅಂಗಡಿ ಮುಂದೆ ಅರ್ಧ ಪೈಪು ಮುಚ್ಚಿದ್ರು. ಮಳೆ ಸುರಿಸಿದ್ರು. ನೀರು ಎಲ್ಲಿ ಉಕ್ಕಿತ್ತೋ ಅಲ್ಲೇ, ಎಷ್ಟು ಉಕ್ಕಿತ್ತೋ ಅಷ್ಟೇ, ಬೆರಳಷ್ಟೂ ವ್ಯತ್ಯಾಸ ಇಲ್ಲದೆ ಉಕ್ಕಿತು.

ದೊಡ್ಡ ಸಾಹೇಬ್ರು ಬಂದು ನೋಡಿ ತೊಡೆ ತಟ್ಟಿದ್ರು. "ನೋಡಿದ್ರಾ, ಕಳ್ಳ ಸಿಕ್ಬಿದ್ದ. ಇಸ್ತ್ರಿ ಅಂಗಡಿ ಮುಂದೆ ಪೈಪು ಕಟ್ಕೊಂಡಿದೆ ಅಂದ್ರೆ ಒಳಗೆ ಇನ್ನೇನಿರುತ್ತೆ, ಹಳೇ ಬಟ್ಟೆ ಚಿಂದಿ. ಆ ಹೆಂಗಸು ತುರುಕಿದ್ದಾಳೆ."

"ಸರ್, ಅದು ಒಂದು ಊಹೆ ಅಷ್ಟೇ. ಪೈಪೊಳಗೆ ನೋಡಿಲ್ಲ ನಾವು" ಅಂದ್ರು ಮೇಡಮ್.

"ಪೈಪಲ್ಲಿ ನೀರು ನಿಂತಿದೆ, ಇಳಿದ ಮೇಲೆ ನೋಡೋಣಂತೆ. ಮೊದಲು ನೋಟಿಸ್ ಹೋಗ್ಲಿ. ಎಂಟು ದಿನದಲ್ಲಿ ಬಂದು ಉತ್ತರ ಕೊಡ್ಬೇಕು, ಇಲ್ಲಾಂದ್ರೆ ಅಂಗಡಿಗೆ ಬೀಗ. ಏನಯ್ಯಾ ಕೋಲಣ್ಣ, ನಿನಗೆ ಆ ಬೀದಿ ಗೊತ್ತಲ್ಲ. ನೀನೇ ಹೋಗಿ ಅಂಟಿಸಿ ಬಾ."

ಕೋಲಣ್ಣ ಬಾಯಿ ತೆರೆದ. ಅಲ್ಲೇ ಹೇಳ್ಬೇಕಿತ್ತು. ಮೇಡಮ್ ಅವನ ಮುಖನೇ ನೋಡ್ತಿದ್ರು.

"ಆಯ್ತು ಸಾರ್" ಅಂದ.

ಅಂಟು ಡಬ್ಬಿ ಹಿಡ್ಕೊಂಡು ಹೋದಾಗ ಇಸ್ತ್ರಿ ಅಕ್ಕ ಒಂದು ಪುಟ್ಟ ಮಗುವಿನ ಲಂಗಕ್ಕೆ ಇಸ್ತ್ರಿ ಹಾಕ್ತಿದ್ಲು. ಗೋಡೆ ಮೇಲೆ ಮೊಣಕಾಲು ಎತ್ತರಕ್ಕೆ ನೀರು ನಿಂತ ಗುರುತು, ಯಾರೋ ಸ್ಕೇಲ್ ಇಟ್ಟು ಗೆರೆ ಹೊಡೆದ ಹಾಗೆ.

"ಏನಣ್ಣ, ಸಿನಿಮಾ ಪೋಸ್ಟರ್ರಾ?" ಅಂತ ನಕ್ಕಳು. ಓದಿದ ಮೇಲೆ ನಗು ನಿಂತು ಹೋಯ್ತು. "ನಾನು ಬಟ್ಟೆ ತುರುಕಿದ್ದೀನಾ? ನನ್ನ ಅಂಗಡಿಗೆ ನಾನೇ ನೀರು ಬಿಟ್ಕೊಂಡ್ನಾ?"

"ಕಂಪ್ಯೂಟರ್ ಹೇಳಿದೆಯಂತೆ ಅಕ್ಕ."

"ನೀವು ಈ ಗುಂಡಿ ಅಳೆದೋರು. ನಿಮಗೇನು ಅನ್ಸುತ್ತೆ?"

ಕೋಲಣ್ಣ ಅಂಟು ಸವರ್ತಾ ಇದ್ದ. ಒಂದು ನೋಟಿಸಿಗೆ ಇಡೀ ಬೀದಿಗೆ ಪೋಸ್ಟರ್ ಅಂಟಿಸೋ ಅಷ್ಟು ಅಂಟು ಸವರಿದ. "ನಾನು ಬರೀ ಅಳೆಯೋನು ಅಕ್ಕ" ಅಂದ.

ನೋಟಿಸ್ ಅಂಟಿದ್ದೇ ತಡ, ಬೀದಿ ಬಾಯಿಗೆ ಕೆಲಸ ಸಿಕ್ತು. ನಮ್ಮ ಮನೆಗೆ ಮೋರಿ ನೀರು ಬಂದಿದ್ದು ಇವಳಿಂದನಾ ಅಂದ್ರು. ಕಂಪ್ಯೂಟರ್ ಯಾಕೆ ಸುಳ್ಳು ಹೇಳುತ್ತೆ ಅಂದ್ರು. ನಲವತ್ತು ಗಂಟು ಬರ್ತಿದ್ದ ಕಡೆ ಮೂರು ಗಂಟು ಉಳೀತು.

ಕೋಲಣ್ಣನಿಗೆ ಊಟ ಇಳೀಲಿಲ್ಲ. ತುತ್ತು ಬಾಯಿಗಿಟ್ರೆ ಗಂಟಲಲ್ಲೇ ಧರಣಿ ಕೂರೋದು.

"ಏನ್ರೀ, ಗಂಟಲಿಗೂ ಚಿಂದಿ ತುರುಕಿದ್ದಾರಾ ಯಾರಾದ್ರೂ?" ಅಂದ್ಲು ಹೆಂಡತಿ.

ಅವಳು ತಮಾಷೆಗೆ ಅಂದಿದ್ದು. ಕೋಲಣ್ಣ ತಟ್ಟೆ ಪಕ್ಕಕ್ಕೆ ಸರಿಸಿ ಎಲ್ಲಾ ಹೇಳ್ಬಿಟ್ಟ. ಕೋಲು, ಗೇಣು, ಕ್ಷೌರದಂಗಡಿ, ಅಂಟು ಡಬ್ಬಿ. ಅವಳು ಪೂರ್ತಿ ಕೇಳಿಸ್ಕೊಂಡ್ಲು.

"ಮತ್ತೆ ನನಗ್ಯಾಕೆ ಹೇಳ್ತಿದ್ದೀರಿ? ಅಂಗಡಿ ನನ್ನದಾ?" ಅಂದ್ಲು. ತಟ್ಟೆ ಎತ್ಕೊಂಡು ಹೋದ್ಲು.

ಎಂಟನೇ ದಿನ ಇಸ್ತ್ರಿ ಅಕ್ಕ ಆಫೀಸಿಗೆ ಬಂದ್ಲು. ಇರೋದ್ರಲ್ಲಿ ಒಳ್ಳೆ ಸೀರೆ, ಮಡಿಕೆ ಒಂದೊಂದೂ ಚಾಕು ಥರ. ದೊಡ್ಡ ಸಾಹೇಬ್ರು ಗೋಡೆ ಮೇಲೆ ನಕ್ಷೆ ಹಾಕ್ಸಿದ್ರು. ಮೇಡಮ್ ಮಳೆ ಸುರಿಸಿದ್ರು. ನೀರು ಪೈಪಲ್ಲಿ ಓಡಿ ಬಂತು, ಅಂಗಡಿ ಮುಂದೆ ನಿಂತು ಉಕ್ಕಿತು, ಪೈಪು ಕೆಂಪಾಯ್ತು.

"ಇದಕ್ಕೇನಮ್ಮ ಹೇಳ್ತೀಯಾ?" ಅಂದ್ರು ಸಾಹೇಬ್ರು.

ಅವಳು ಗೋಡೆ ಹತ್ರ ಹೋಗಿ, ಮೂಗು ತಾಗೋ ಹಾಗೆ ನಿಂತು ನೋಡಿದ್ಲು. "ಇದ್ರಲ್ಲಿ ನಾನು ತುರುಕಿದ ಬಟ್ಟೆ ಕಾಣ್ತಿದೆಯಾ ಸಾರ್?"

"ಇಲ್ಲೇ ಇದೆ, ಈ ಕಪ್ಪು ಗುರುತು."

"ಸೀರೆನಾ, ಪ್ಯಾಂಟಾ? ಯಾರ ಮನೇದು ಅಂತ ಹೇಳಿದ್ರೆ ಗುರುತು ಹಿಡೀತೀನಿ. ಈ ಬೀದಿ ಬಟ್ಟೆ ಎಲ್ಲಾ ನನಗೆ ಮುಖ ಪರಿಚಯ."

ಬಾಗ್ಲ ಹತ್ರ ನಿಂತಿದ್ದ ಮುಚ್ಚಳ ಕಿಸಕ್ಕನೆ ನಕ್ಕ. ಸಾಹೇಬ್ರ ಕಿವಿ ಕೆಂಪಾಯ್ತು. "ಬೀಗ ಹಾಕ್ಸಿದ್ರೆ ಗುರುತು ಸಿಗುತ್ತೆ" ಅಂತ ಪೆನ್ನು ತೆಗೆದ್ರು.

"ಸಾರ್, ಬಟ್ಟೆ ಇಲ್ಲ" ಅಂದ ಕೋಲಣ್ಣ.

ದನಿ ಎಷ್ಟು ಸಣ್ಣಗಿತ್ತು ಅಂದ್ರೆ ಸೊಳ್ಳೆನೂ ಏನಂದ್ರಿ ಅಂತ ಕೇಳ್ಬೇಕು. ಸಾಹೇಬ್ರು ತಲೆ ಎತ್ಲಿಲ್ಲ. ಕೋಲಣ್ಣ ಹೊರಗೆ ಹೋದ, ಕೋಲು ತಂದ, ಗೋಡೆಗೆ ನಿಲ್ಲಿಸಿದ. "ಟೇಪ್ ಹಿಡೀರಿ ಸಾರ್. ತಲೇಲಿ ಹನ್ನೆರಡು ಅಂತ ಬರೆದಿದೆ. ಹಿಡಿದು ನೋಡಿ."

ಮುಚ್ಚಳ ಟೇಪ್ ಹಿಡಿದ. ಹನ್ನೊಂದೂ ಕಾಲು ಅಡಿ. ಇನ್ನೊಂದ್ಸಲ ಹಿಡಿದ. ಹನ್ನೊಂದೂ ಕಾಲು.

"ಎರಡನೇ ಮ್ಯಾನ್‌ಹೋಲಲ್ಲಿ ಮುರೀತು. ಮುಟ್ಬೇಡಿ ಅಂತ ಇವನು ಹೇಳಿದ್ದ, ನಾನು ಮೀಟಿದೆ. ಸ್ವಲ್ಪ ದೂರ ಮನಸ್ಸಲ್ಲೇ ಕಳೆದು ಕೂಗಿದೆ, ಊಟ ಆದ ಮೇಲೆ ಮರೆತೆ. ಎಲ್ಲಿಂದ ಮರೆತೆ ಅಂತ ನನಗೆ ಗೊತ್ತಿಲ್ಲ. ಬೀದಿ ಪೈಪಿಗೆ ಅಷ್ಟು ಇಳಿಜಾರೇ ಇಲ್ಲ ಸಾರ್, ಅದಕ್ಕೇ ನೀರು ನಿಂತು ಉಕ್ಕಿದ್ದು. ನಾನು ಬಾಯಲ್ಲಿ ಇಳಿಜಾರು ಕೊಟ್ಟಿದ್ದು. ಈ ಅಕ್ಕ ಒಂದು ಕರ್ಚೀಪೂ ತುರುಕಿಲ್ಲ."

ಗೋಡೆ ಮೇಲಿನ ನಕ್ಷೇಲಿ ಮಳೆ ಇನ್ನೂ ಸುರೀತಾನೇ ಇತ್ತು.

"ನಾನು ಫೋನ್ ಮಾಡಿ ಕೇಳಿದ್ದೆ" ಅಂದ್ರು ಮೇಡಮ್. ಬೈಲಿಲ್ಲ, ದನಿ ಏರಿಸ್ಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. "ಬುಕ್ಕು ಸರಿಯಾಗೇ ಇತ್ತು. ಸರಿ ಇದ್ದಿದ್ದನ್ನ ನಾನು ತಪ್ಪು ಮಾಡ್ದೆ, ನಿಮ್ಮ ಮಾತು ಕೇಳಿ."

"ಹೌದು ಮೇಡಮ್."

ಮೇಡಮ್ ಕಂಪ್ಯೂಟರ್ ಕಡೆ ತಿರುಗಿ ಬೆರಳು ಒತ್ತಿದ್ರು. ಅಂಗಡಿ ಮುಂದಿನ ಕಪ್ಪು ಗುರುತು ಮಾಯ. ಇನ್ನೊಂದ್ಸಲ ಒತ್ತಿದ್ರು, ಬುಕ್ಕಿನ ಹಳೇ ಅಳತೆ ವಾಪಸ್ ಬಂತು. "ಹನ್ನೊಂದು ಮ್ಯಾನ್‌ಹೋಲೂ ಮತ್ತೆ ಅಳೀಬೇಕು ಸರ್. ನಾಳೆನೇ."

ಸಾಹೇಬ್ರು ಪೆನ್ನಿನ ಟೋಪಿ ಮುಚ್ಚಿ, "ನಿನ್ನ ವಿಚಾರಣೆ ಬೇರೆ ಇದೆ" ಅಂದ್ರು ಕೋಲಣ್ಣನಿಗೆ. ಆಮೇಲೆ ಇಸ್ತ್ರಿ ಅಕ್ಕನ ಕಡೆ ನೋಡಿ ಕೆಮ್ಮಿದ್ರು. "ನೀನು ಹೋಗಮ್ಮ. ನೋಟಿಸ್ ಹರಿದು ಹಾಕು."

"ಹರಿಯಕ್ಕೆ ಬರ್ತಿಲ್ಲ ಸಾರ್. ಅಷ್ಟು ಅಂಟು ಹಾಕಿದ್ದಾರೆ" ಅಂದ್ಲು ಅವಳು. ಕೋಲಣ್ಣನ ಕಡೆ ಒಂದು ಸಲನೂ ತಿರುಗದೆ ಹೊರಟುಹೋದ್ಲು.

ಮಾರನೇ ದಿನ ಬೆಳಿಗ್ಗೆ ತಗ್ಗು ಬೀದೀಲಿ ಜಾತ್ರೆಗೂ ಸೇರದಷ್ಟು ಜನ. ಕೋಲಣ್ಣನ ಕೈಲಿ ಆಫೀಸಿನ ಉಕ್ಕಿನ ಟೇಪು, ತುದೀಲಿ ಗುಂಡು ಕಟ್ಟಿದ್ದು. ಜನಕ್ಕೆ ಮುಖ ತೋರಿಸಲಾರದೆ ಮ್ಯಾನ್‌ಹೋಲಿಗೇ ಮುಖ ಕೊಟ್ಟು ಬಗ್ಗಿದ್ದ. ಒಂದರಿಂದ ಐದರವರೆಗೆ ಅವತ್ತು ಕೂಗಿದ ಅಳತೆ ಸರಿ ಬಂತು. ಆರನೇದು ಮುಕ್ಕಾಲು ಅಡಿ ತಪ್ಪು. ಊಟ ಆದ ತಕ್ಷಣವೇ ಮರೆತಿದ್ದ ಅಂತಾಯ್ತು. ಮೇಡಮ್ ಪಕ್ಕದಲ್ಲೇ ನಿಂತು ಫೋನಲ್ಲಿ ತಾವೇ ಬರ್ಕೊಳ್ತಿದ್ರು.

ಏಳನೇದ್ರ ಹತ್ರ ಇಸ್ತ್ರಿ ಅಕ್ಕ ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂದು ನಿಂತ್ಲು. ಕೋಲಣ್ಣ ಟೇಪ್ ಬಿಟ್ಟ.

"ಐದು ಅಡಿ ನಾಲ್ಕು ಇಂಚು" ಅಂದ.

"ಗಟ್ಟಿಯಾಗಿ ಹೇಳಿ. ಅಲ್ಲಿ ಮಹಡಿ ಮೇಲೆ ನಿಂತಿದ್ದಾರಲ್ಲ, ಅವರಿಗೂ ಕೇಳ್ಬೇಕು. ನನ್ನ ಗಂಟು ವಾಪಸ್ ತಗೊಂಡು ಹೋದೋರು ಅವರು."

"ಐದು ಅಡಿ ನಾಲ್ಕು ಇಂಚು" ಅಂತ ಕೂಗಿದ ಕೋಲಣ್ಣ. "ಅವತ್ತು ನಾನು ಕೂಗಿದ್ದು ಆರು ಅಡಿ ಒಂದು ಇಂಚು. ತಪ್ಪು ನನ್ನದು."

ಮಹಡಿ ಮೇಲಿನ ಹೆಂಗಸು ಒಣಗಿ ಹಾಕಿದ್ದ ಬಟ್ಟೆ ಹಿಂದೆ ಸರಿದ್ಲು.

ಮುಚ್ಚಳ ಮುಂದಿನದಕ್ಕೆ ಹೋಗೋಕೆ ಹಾರೆ ಎತ್ತಿದ. ಇಸ್ತ್ರಿ ಅಕ್ಕ ಅಡ್ಡ ಕೈ ಇಟ್ಲು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, ಗುಂಡಿ ಅಂಚಲ್ಲಿ ಕುಕ್ಕರುಗಾಲಲ್ಲಿ ಕೂತು, ಒಳಗೆ ಇಣುಕಿ ನೋಡಿದ್ಲು.

"ಇನ್ನೊಂದ್ಸಲ ಬಿಡಿ" ಅಂದ್ಲು. "ನಾನು ನೋಡ್ತೀನಿ."

ಕೋಲಣ್ಣ ಟೇಪ್ ಮೇಲಕ್ಕೆಳೆದು, ಗುಂಡಿನ ಕೆಸರು ತನ್ನ ಅಂಗಿಗೆ ಒರೆಸಿ, ಮತ್ತೆ ಇಳಿಬಿಟ್ಟ.